ಬಾಗಿಲ ಬೆಳಕಿನಲ್ಲಿ ಕಳ್ಳಜೋಡಿ

ಪ್ಯಾಂಟಿನ ಎರಡೂ ಕಾಲು ಒಂದೇ ನೀಲಿಯಲ್ಲಿರಬೇಕು. ನನ್ನ ಇಡೀ ನೌಕರಿಯನ್ನು ಒಂದೇ ಮಾತಿನಲ್ಲಿ ಹೇಳು ಎಂದರೆ ಇಷ್ಟೇ. ಕೇಳಿದವರು ನಗುತ್ತಾರೆ. "ಇಷ್ಟಕ್ಕ ಯಾರರ ಸಂಬಳ ಕೊಡ್ತಾರೇನು?" ಎಂದು ನನ್ನ ತಮ್ಮನೇ ಕೇಳಿದ್ದ. ಅಂಗಡಿಯಲ್ಲಿ ಜೀನ್ಸ್ ಕೊಳ್ಳುವವರು ಎಡಗಾಲಿನ ಬಣ್ಣವನ್ನು ಬಲಗಾಲಿನ ಬಣ್ಣಕ್ಕೆ ಹೋಲಿಸಿ ನೋಡುವುದಿಲ್ಲ. ಅವರು ಹಾಗೆ ನೋಡಬೇಕಾಗಿ ಬಾರದಿರಲಿ ಎಂದೇ ನಮ್ಮಂಥವರು ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ದಿನವಿಡೀ ಕಣ್ಣು ನೋಯಿಸಿಕೊಳ್ಳುತ್ತೇವೆ.

ಈಗ ನಿವೃತ್ತಳಾಗಿ ಮನೆಯಲ್ಲಿದ್ದೇನೆ. ಹೊಸದಾಗಿ ಈ ಕೆಲಸಕ್ಕೆ ಸೇರುವ ಹುಡುಗಿಯರು ಆಗಾಗ ಬಂದು ಅದೂ ಇದೂ ಕೇಳುತ್ತಾರೆ. ಮೊನ್ನೆ ಬಂದವಳೊಬ್ಬಳು, "ಅಕ್ಕಾ, ನನಗ ಥೈರಾಯ್ಡ್ ಐತ್ರಿ, ಈ ಕೆಲಸ ಆಗ್ತೈತೇನ್ರಿ?" ಎಂದು ಅಳುಮುಖ ಮಾಡಿಕೊಂಡು ಕೇಳಿದಳು. ನನಗೆ ನಗು ತಡೆಯಲಾಗಲಿಲ್ಲ. ಥೈರಾಯ್ಡ್ ನನಗೂ ಇದೆ. ಅದರ ಜೊತೆ ಸಕ್ಕರೆ ಕಾಯಿಲೆ ಇದೆ. ಇವೆರಡರ ತಲೆಯ ಮೇಲೆ ಕೂತು ಸವಾರಿ ಮಾಡುವ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಉದ್ದ ಹೆಸರಿನ ನರದ ಕಾಯಿಲೆಯೂ ಇದೆ. ಮೂರನ್ನೂ ಕಟ್ಟಿಕೊಂಡೇ ನಾನು ದುಡಿದದ್ದು. ಅವಳಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು ಕೂರಿಸಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕೆಲಸದ ವಿಷಯ. ಡೆನಿಮ್ ಬಟ್ಟೆ ರೋಲುಗಳಲ್ಲಿ ಬರುತ್ತದೆ. ಒಂದೇ ಗಿರಣಿಯಿಂದ ಒಂದೇ ಲಾರಿಯಲ್ಲಿ ಬಂದ ಎರಡು ರೋಲುಗಳ ನೀಲಿ ಕೂಡ ಒಂದೇ ಆಗಿರುವುದಿಲ್ಲ. ಹಾಸಿ ಕತ್ತರಿಸಿದ ಮೇಲೆ ತುಂಡುಗಳು ಅದಲುಬದಲಾದರೆ ಒಂದು ರೋಲಿನ ಎಡಗಾಲಿಗೆ ಇನ್ನೊಂದು ರೋಲಿನ ಬಲಗಾಲು ಸೇರಿಕೊಳ್ಳುತ್ತದೆ. ಹೊಲಿಯುವವರಿಗೆ ಅದು ಗೊತ್ತಾಗುವುದಿಲ್ಲ. ವಾಷಿಂಗ್ ಘಟಕಕ್ಕೆ ಹೋಗಿ ಒಗೆದು ಬಂದ ಮೇಲೆ ಎರಡು ಕಾಲೂ ಎರಡು ಊರಿನವರಂತೆ ನಿಂತಿರುತ್ತವೆ. ಹಾಗಾಗದಂತೆ ಹೊಲಿಗೆಗೆ ಮೊದಲು ಒಮ್ಮೆ, ವಾಷಿಂಗ್ ಆದ ಮೇಲೆ ಒಮ್ಮೆ ಜೋಡಿ ನೋಡುವುದು ನನ್ನ ಕೆಲಸ.

ಅದನ್ನು ನನಗೆ ಕಲಿಸಿದವರು ಕಟಿಂಗ್ ಮಾಸ್ತರ್ ಕಾಸಿಂ ಸಾಹೇಬರು. ಸೇರಿದ ಮೊದಲ ದಿನವೇ ನನ್ನನ್ನು ಉತ್ತರದ ಬಾಗಿಲಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದರು. "ನೋಡಮ್ಮಾ, ಟ್ಯೂಬ್‌ಲೈಟು ಸುಳ್ಳು ಹೇಳ್ತೈತಿ. ಎದುರು ಬಿಸಿಲೂ ಸುಳ್ಳು ಹೇಳ್ತೈತಿ. ಈ ಬಾಗಿಲ ಬೆಳಕು ಒಂದ ಖರೆ. ನೀಲಿ ನೋಡು. ಆಮ್ಯಾಲ ಆ ಬೇವಿನ ಗಿಡ ನೋಡು. ತಿರುಗಿ ನೀಲಿ ನೋಡು. ಎರಡನೇ ಸಲ ಕಂಡಿದ್ದನ್ನ ನಂಬು." ಬಣ್ಣ ಹೋಲಿಸಲು ಬೆಳಕಿನ ಡಬ್ಬಿಗಳು, ಬಣ್ಣವನ್ನು ಅಂಕಿಯಲ್ಲಿ ತೋರಿಸುವ ಯಂತ್ರಗಳು ಆಮೇಲೆ ಬಂದವು. ಒಳ್ಳೆಯವೇ. ಕರೆಂಟು ಹೋದಾಗ ಮಾತ್ರ ಎಲ್ಲರೂ ಮತ್ತೆ ಬಾಗಿಲಿಗೇ ಬರುತ್ತಿದ್ದರು.

ನಮ್ಮದು ಆಚಾರ್ಯರ ಮನೆತನ. ಅಪ್ಪ ಗುಮಾಸ್ತರಾಗಿದ್ದರು, ಚಿಕ್ಕಪ್ಪಂದಿರು ಮೇಷ್ಟ್ರುಗಳು. "ಬಿ.ಕಾಂ. ಓದಿ ಮಂದಿ ಪ್ಯಾಂಟು ನೋಡ್ಲಿಕ್ಕೆ ಹೋಗ್ತೀಯೇನೇ?" ಎಂದು ಅಮ್ಮ ತಲೆ ಚಚ್ಚಿಕೊಂಡಳು. ನನಗೆ ಆ ಕೆಲಸ ಬಲು ಹಿಡಿಸಿತು. ಮನೆಯಲ್ಲಿ ಒಂದು ಕನ್ನಡ, ಘಟಕದಲ್ಲಿ ಇನ್ನೊಂದು ಕನ್ನಡ ಮಾತಾಡುತ್ತ ಹಾಯಾಗಿದ್ದೆ. ಮದುವೆಯ ಯೋಚನೆ ಬರಲಿಲ್ಲ. ಬಂದ ಗಂಡುಗಳಲ್ಲೂ ಶೇಡು ಸರಿಹೊಂದಲಿಲ್ಲ ಎಂದು ಹೇಳಿ ಅಮ್ಮನಿಂದ ಬೈಸಿಕೊಂಡಿದ್ದೇನೆ.

ಒಂದು ಬೇಸಿಗೆಯಲ್ಲಿ ನಾನು ವಾಷಿಂಗ್‌ನಿಂದ ಬಂದ ಮಾಲನ್ನೆಲ್ಲ ವಾಪಸ್ ಕಳಿಸತೊಡಗಿದೆ. ಯಾವುದು ನೋಡಿದರೂ ಬಣ್ಣ ಹೋಗಿದೆ ಅನಿಸುತ್ತಿತ್ತು. ವಾಷಿಂಗ್ ಘಟಕದ ವೀರೇಶ ಎರಡು ಮೂರು ದಿನ ಸಹಿಸಿಕೊಂಡು, ಕೊನೆಗೆ ಗಾಡಿಯ ಮೇಲೆ ಬಂಡಲ್ ಹೇರಿಕೊಂಡು ಬಂದೇಬಿಟ್ಟ.

"ಏನ್ರಿ ಅಕ್ಕಾ ಇದು? ನನ್ನ ಹೊಟ್ಟಿ ಮ್ಯಾಲ ಯಾಕ ಹೊಡೀತೀರಿ?"

"ಇದರಾಗ ನೀಲಿ ಎಲ್ಲೈತಿ ವೀರೇಶಿ? ಬೂದಿ ಆಗೈತಿ."

"ಬೂದೀನಾ? ಮಾಸ್ತರ, ನೀವ ಬಂದು ನೋಡ್ರಿ. ಅಕ್ಕಾರಿಗೆ ಬಿಸಿಲು ಹತ್ತೈತಿ."

ಕಾಸಿಂ ಸಾಹೇಬರು ಬಂದು ಪ್ಯಾಂಟು ನೋಡಿದರು, ಬೇವಿನ ಗಿಡ ನೋಡಿದರು, ಮತ್ತೆ ಪ್ಯಾಂಟು ನೋಡಿದರು. ಆಮೇಲೆ ನನ್ನ ಮುಖ ನೋಡಿದರು. "ಬಲಗಣ್ಣ ಯಾಕಮ್ಮಾ ಹಂಗ ತಿಕ್ಕಾಕ ಹತ್ತೀ?" ಎಂದು ಕೇಳಿದರು. ಕಣ್ಣು ಹೊರಳಿಸಿದರೆ ಒಳಗೆ ನೋಯುತ್ತಿತ್ತು, ಧೂಳು ಬಿದ್ದಿರಬೇಕು ಎಂದುಕೊಂಡಿದ್ದೆ. "ಅದನ್ನ ಮುಚ್ಚಿ ನೋಡು" ಎಂದರು. ಬಲಗಣ್ಣು ಮುಚ್ಚಿದೆ, ಪ್ಯಾಂಟು ಮಿರಮಿರನೆ ನೀಲಿಯಾಯಿತು. ಅದನ್ನು ತೆರೆದು ಎಡಗಣ್ಣು ಮುಚ್ಚಿದೆ, ನೀಲಿ ಹೋಗಿ ಬೂದಿಯಾಯಿತು. ಒಂದು ಕಣ್ಣಿಗೆ ಹೊಸ ಪ್ಯಾಂಟು, ಇನ್ನೊಂದು ಕಣ್ಣಿಗೆ ಹಳೇ ಪ್ಯಾಂಟು!

ವೀರೇಶ ಎರಡೂ ಕೈ ಮೇಲೆತ್ತಿ, "ಅಕ್ಕಾ, ಆಣಿ ಮಾಡಿ ಹೇಳ್ತೀನಿ, ನಿಮ್ಮ ಕಣ್ಣು ಮಾತ್ರ ನಾ ವಾಷಿಂಗ್ ಮಾಡಿಲ್ಲ್ರಿ!" ಎಂದ. ಘಟಕವೆಲ್ಲ ನಕ್ಕಿತು, ನಾನೂ ನಕ್ಕೆ. ಕಾಸಿಂ ಸಾಹೇಬರು ಮಾತ್ರ ನಗಲಿಲ್ಲ. "ನಾಳಿ ಬ್ಯಾಡ, ಇವತ್ತ ದವಾಖಾನಿಗೆ ಹೋಗು" ಎಂದು ನನ್ನ ಕೈಯಲ್ಲಿದ್ದ ಬಂಡಲನ್ನು ಇಸಿದುಕೊಂಡರು.

ಆಸ್ಪತ್ರೆಯಲ್ಲಿ ನರದ ಡಾಕ್ಟರಮ್ಮ ತಲೆಯ ಸ್ಕ್ಯಾನ್ ಮಾಡಿಸಿದರು. ಮೊದಲೆಂದಾದರೂ ಕಾಲು ಜೋಮು ಹಿಡಿದಿತ್ತೇ ಎಂದು ಕೇಳಿದರು. ಹಿಡಿದಿತ್ತು. ನಿಂತು ನಿಂತು ಹಾಗಾಗಿದೆ ಎಂದು ನಾನೇ ತೀರ್ಮಾನ ಕೊಟ್ಟು ಎಣ್ಣೆ ಹಚ್ಚಿಕೊಂಡಿದ್ದೆ. ಅವರು ಸಾವಕಾಶವಾಗಿ ಹೇಳಿದರು. ನರಗಳ ಮೇಲೆ ಒಂದು ಹೊದಿಕೆ ಇರುತ್ತದೆ. ಈ ಕಾಯಿಲೆಯಲ್ಲಿ ದೇಹದ ಕಾವಲಿನವರೇ ದಾರಿ ತಪ್ಪಿ ಆ ಹೊದಿಕೆಯನ್ನು ಕೆಡಿಸುತ್ತಾರೆ. ಆಗ ಕಣ್ಣಿನ ಸುದ್ದಿ, ಕಾಲಿನ ಸುದ್ದಿ ಮಿದುಳಿಗೆ ಸರಿಯಾಗಿ ಮುಟ್ಟುವುದಿಲ್ಲ. ಪೂರ್ತಿ ವಾಸಿಯಾಗುವುದಲ್ಲ, ಆದರೆ ಹತೋಟಿಯಲ್ಲಿಡಲು ಔಷಧಿಗಳಿವೆ. ನಾನು ಕೇಳಿದ್ದು ಒಂದೇ ಪ್ರಶ್ನೆ, ನನಗೆ ನೀಲಿ ಮತ್ತೆ ಕಾಣುತ್ತದೆಯೇ ಎಂದು. "ಬಲಗಣ್ಣು ಬಹಳ ಮಟ್ಟಿಗೆ ಸುಧಾರಿಸುತ್ತೆ, ಸ್ವಲ್ಪ ಮಂಕು ಉಳೀಬಹುದು. ಎಡಗಣ್ಣು ಚೆನ್ನಾಗಿದೆ. ಮೈ ಕಾದರೆ ತೊಂದರೆ ಜಾಸ್ತಿ ಆಗುತ್ತೆ, ಬಿಸಿಲಿಗೆ ಹೋಗಬೇಡಿ" ಎಂದರು. ಬಳ್ಳಾರಿಯಲ್ಲಿ ಮನೆ ಮಾಡಿಕೊಂಡವಳಿಗೆ ಬಿಸಿಲಿಗೆ ಹೋಗಬೇಡಿ ಎಂದರೆ ನಾನು ಯಾವ ಕಡೆ ಮುಖ ಮಾಡಲಿ?

ಥೈರಾಯ್ಡ್ ಮೊದಲೇ ಇತ್ತು. ಕಣ್ಣಿಗೆಂದು ಕೊಟ್ಟ ಸ್ಟೀರಾಯ್ಡ್ ಡ್ರಿಪ್‌ನಿಂದ ಸಕ್ಕರೆ ಏರಿತು, ಏರಿದ್ದು ಇಳಿಯಲೇ ಇಲ್ಲ. ಒಂದು ಮಾತ್ರೆ ಬರಿಹೊಟ್ಟೆಗೆ, ಒಂದು ಊಟಕ್ಕೆ ಮೊದಲು, ಒಂದು ಊಟ ಆದ ಮೇಲೆ. ಅಮ್ಮ ಡಬ್ಬಿಗಳನ್ನು ನೋಡಿ, "ಮೂರು ಮಂದಿ ಬೀಗರು ಒಮ್ಮೆಲೇ ಬಂದು ಕೂತಂಗಾತಲ್ಲೇ! ಒಬ್ಬರಿಗೆ ಬಡಿಸಿದ್ದು ಇನ್ನೊಬ್ಬರಿಗೆ ಆಗೂದಿಲ್ಲ" ಎಂದಳು. ನಾನು ಪಕಪಕ ನಕ್ಕೆ. ಏಕಾದಶಿಯ ದಿನ ಮಾತ್ರ ದೊಡ್ಡ ರಾದ್ಧಾಂತ. ಮಾತ್ರೆ ತೆಗೆದುಕೊಂಡರೆ ತಿನ್ನಲೇಬೇಕು, ತಿಂದರೆ ಉಪವಾಸ ಕೆಡುತ್ತದೆ. ಕೊನೆಗೆ ಅಮ್ಮನೇ ತೀರ್ಪು ಕೊಟ್ಟಳು: "ನಿನ್ನ ಪಾಲಿನ ಉಪವಾಸ ನಾ ಮಾಡ್ತೀನಿ. ನೀ ಉಪ್ಪಿಟ್ಟು ತಿನ್ನು." ಅವಳು ಹೇಗೂ ಮಾಡುತ್ತಿದ್ದ ಉಪವಾಸ ಅದು. ಆದರೂ ಆ ಮಾತಿಗೆ ನನ್ನ ಕಣ್ಣು ತುಂಬಿ ಬಂತು.

ಮತ್ತೆ ಕೆಲಸಕ್ಕೆ ಹೋದಾಗ ಮಾಲಕರಾದ ರಾಜಣ್ಣನವರು ಕುರ್ಚಿ ಹಾಕಿಸಿದರು. "ಮಾಲತಮ್ಮಾರ, ಇನ್ನ ನೋಡೋ ಕೆಲಸ ಬ್ಯಾಡ್ರಿ. ಆರಾಮ ಕುಂತು ದಾರ ಕತ್ತರಿಸ್ರಿ. ನಿಮ್ಮನ್ನ ಬಿಟ್ಟು ಕೊಡಂಗಿಲ್ಲ ನಾವು." ಮನುಷ್ಯ ಒಳ್ಳೆಯವರು, ಮನಸ್ಸಿನಿಂದಲೇ ಹೇಳಿದ್ದು. ಆದರೆ ನನಗೆ ಎದೆಯೊಳಗೆ ಚುರುಕ್ ಎಂದಿತು. ದಾರ ಕತ್ತರಿಸುವುದು ಕೀಳು ಕೆಲಸವಲ್ಲ, ಅದನ್ನೂ ಮಾಡಿದ್ದೇನೆ. ಕನಿಕರದ ಕುರ್ಚಿಯಲ್ಲಿ ಕೂರುವುದು ಮಾತ್ರ ನನ್ನಿಂದಾಗದು.

"ಪರೀಕ್ಷಾ ಮಾಡ್ರಿ. ಸೋತರ ಬಾಗಿಲು ಬಿಡ್ತೀನಿ" ಎಂದೆ.

ಕಾಸಿಂ ಸಾಹೇಬರು ಡೆನಿಮ್ ಚೂರಿನಲ್ಲೇ ಬಲಗಣ್ಣಿಗೆ ಪಟ್ಟಿ ಹೊಲಿದುಕೊಟ್ಟರು. ಅಂಚಿಗೆ ಕಿತ್ತಳೆ ದಾರದ ಹೊಲಿಗೆ ಬೇರೆ, ಥೇಟ್ ಜೀನ್ಸ್ ಜೇಬಿನಂತೆ. ಅದನ್ನು ಕಟ್ಟಿಕೊಂಡು ಬೆಳಗಿನ ಬೆಳಕಿನಲ್ಲಿ ಬಾಗಿಲಿಗೆ ನಿಂತೆ. ಅವರು ಬೇಕೆಂದೇ ಬೆರೆಸಿದ್ದ ಜೋಡಿಗಳನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕಿಟ್ಟೆ. ಒಂದೂ ತಪ್ಪಲಿಲ್ಲ. ಆಗ ನಾನೇ ಒಂದು ಷರತ್ತು ಹಾಕಿದೆ. ಇನ್ನು ಮುಂದೆ ಯಾರು ಬೇಕಾದರೂ, ಯಾವತ್ತು ಬೇಕಾದರೂ, ನನಗೆ ಹೇಳದೆ ಬಂಡಲ್‌ನಲ್ಲಿ ಒಂದು ತಪ್ಪು ಜೋಡಿ ಸೇರಿಸಿಡಬಹುದು. ಅದು ನನ್ನ ಕಣ್ಣು ತಪ್ಪಿಸಿ ದಾಟಿಹೋದ ದಿನ ನಾನು ಬಾಗಿಲು ಬಿಡುತ್ತೇನೆ.

ಅದಕ್ಕೆ ಕಳ್ಳಜೋಡಿ ಎಂದು ಹೆಸರಾಯಿತು. ಘಟಕದವರಿಗೆ ಒಳ್ಳೆಯ ಆಟ ಸಿಕ್ಕಂತಾಯಿತು. ಮುಖ ಗಂಭೀರ ಮಾಡಿಕೊಂಡು ಏನೂ ಗೊತ್ತಿಲ್ಲದವರಂತೆ ಮಿಷನ್ ತುಳಿಯುತ್ತಿರುತ್ತಿದ್ದರು. ನಾನು ಜೋಡಿ ಹಿಡಿದು ಎತ್ತಿದ ಕೂಡಲೇ "ಸಿಕ್ತು!" ಎಂದು ಎಲ್ಲರೂ ಕೂಗುತ್ತಿದ್ದರು. ಸಿಕ್ಕಿಬಿದ್ದವರು ಎಲ್ಲರಿಗೂ ಚಹಾ ಹಾಕಿಸಬೇಕು. ನನಗೆ ಸಕ್ಕರೆ ಇಲ್ಲದ್ದು. ಬಿಸಿಲೇರಿದ ಮೇಲೆ ನನ್ನ ಕಣ್ಣೂ ಕಾಲೂ ಮಂಕಾಗುತ್ತವೆ ಎಂದು ಗೊತ್ತಿದ್ದರಿಂದ ನೋಡುವ ಕೆಲಸವೆಲ್ಲ ಬೆಳಿಗ್ಗೆಯೇ, ಮಧ್ಯಾಹ್ನ ದಾರ ಕತ್ತರಿಸುವುದು, ಹೊಸಬರಿಗೆ ಹೇಳಿಕೊಡುವುದು. ಕೆಲಸಕ್ಕೆ ಸೇರುವ ಮಕ್ಕಳೇ, ನಿಮ್ಮ ಮೈ ಯಾವ ಹೊತ್ತಿಗೆ ಚೆನ್ನಾಗಿ ನಡೆಯುತ್ತದೆ ಎಂದು ನೀವೇ ತಿಳಿದು, ಬಾಯಿಬಿಟ್ಟು ಹೇಳಿ. ಕೇಳದೆ ಯಾರೂ ಕೊಡುವುದಿಲ್ಲ.

ಇನ್ನು ನಮ್ಮ ತಂಪು ಜಾಕೀಟಿನ ಕಥೆ. ನೀರಲ್ಲಿ ನೆನೆಸಿ ಹಾಕಿಕೊಳ್ಳುವ ಜಾಕೀಟು ಮೈ ತಂಪಾಗಿಡುತ್ತದೆ ಎಂದು ಡಾಕ್ಟರಮ್ಮ ಒಮ್ಮೆ ಹೇಳಿದ್ದರು. ಅದನ್ನು ಘಟಕದಲ್ಲಿ ಹೇಳಿದ್ದೇ ತಡ, ಟೇಲರುಗಳೆಲ್ಲ ಸೇರಿ ನನಗೆ ಗೊತ್ತಾಗದಂತೆ ಒಂದು ಜಾಕೀಟು ಹೊಲಿದುಬಿಟ್ಟರು. ಬೆನ್ನಿಗೆ ಐಸ್ ಇಡಲು ಜೇಬು, ಮುಂದೆ ಹಿತ್ತಾಳೆ ಗುಂಡಿ. ಬಹಳ ಚೆಂದ. ನೆನೆಸಿ ಹಾಕಿಕೊಂಡೆ, ಸ್ವರ್ಗವೆನಿಸಿತು. ಅದನ್ನು ತೊಟ್ಟುಕೊಂಡೇ ಆ ದಿನ ಆಟೋ ಹತ್ತಿ ಆಸ್ಪತ್ರೆಗೆ ತಪಾಸಣೆಗೆ ಹೋದೆ.

ಅಲ್ಲಿ ನರ್ಸಮ್ಮ ನನ್ನ ಕೈ ನೋಡಿದಳು, ಕುತ್ತಿಗೆ ನೋಡಿದಳು, "ಮೇಡಂ, ಬರ್ರಿ ಬರ್ರಿ, ಪೇಶಂಟ್ ನೀಲಿಗಟ್ಟ್ಯಾರ!" ಎಂದು ಕೂಗಿಕೊಂಡಳು. ನನ್ನನ್ನು ಮಂಚದ ಮೇಲೆ ಕೆಡವಿದರು. ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ಪು ಹಾಕಿದರು, ಅದು ಎಲ್ಲ ಸರಿಯಿದೆ ಎಂದಿತು. ಯಂತ್ರ ಕೆಟ್ಟಿದೆ ಎಂದು ಇನ್ನೊಂದು ತಂದರು. ನನಗೆ ಮಾತಾಡಲು ಬಿಟ್ಟರೆ ತಾನೇ! ಕೊನೆಗೆ ಡಾಕ್ಟರಮ್ಮ ಸ್ಪಿರಿಟ್ ಹಚ್ಚಿದ ಹತ್ತಿಯಿಂದ ನನ್ನ ಮಣಿಕಟ್ಟು ಒರೆಸಿದರು. ಹತ್ತಿ ನೀಲಿಯಾಯಿತು, ಕೈ ಬಿಳಿಯಾಯಿತು. ಒಗೆಯದ ಡೆನಿಮ್ ನೀರು ತಾಗಿದರೆ ಬಣ್ಣ ಬಿಡುತ್ತದೆ, ಬಿಳಿ ಬಟ್ಟೆಯ ಹತ್ತಿರ ಇಡಬೇಡಿ ಎಂದು ದಿನಾ ಹೊಸಬರಿಗೆ ಪಾಠ ಹೇಳುವವರು ನಾವೇ. ಆ ಡೆನಿಮ್ಮನ್ನೇ ಪ್ರೀತಿಯಿಂದ ನೆನೆಸಿ ನನಗೆ ತೊಡಿಸಿದ್ದರು!

ಮನೆಗೆ ಹೋದರೆ ಅಮ್ಮ ಬಾಗಿಲಲ್ಲೇ ಕೈ ಮುಗಿದು, "ಕೃಷ್ಣಪರಮಾತ್ಮ ಕಡೀಗೆ ನಮ್ಮ ಮನಿಗೂ ಬಂದ್ಯಾ! ಬೆಣ್ಣಿ ಮಾತ್ರ ಕೇಳಬ್ಯಾಡಪ್ಪಾ, ನಿನಗ ಡಾಕ್ಟರು ಬ್ಯಾಡಂದಾರ" ಎಂದಳು. ಎರಡನೆಯ ಜಾಕೀಟನ್ನು ಬಿಳಿ ಟವೆಲಿನಲ್ಲಿ ಹೊಲಿದರು.

ಕಾಸಿಂ ಸಾಹೇಬರು ನಿವೃತ್ತರಾದ ಮೇಲೆ ರಾಜಣ್ಣನವರು ಕುರುಗೋಡಿನಲ್ಲೂ ಸಿರುಗುಪ್ಪದಲ್ಲೂ ಹೆಂಗಸರ ಹೊಲಿಗೆ ಕೇಂದ್ರ ತೆರೆದರು. ಜೋಡಿ ನೋಡುವುದನ್ನು ಕಲಿಸುವ ಕೆಲಸ ನನ್ನದು. ವಾರದಲ್ಲಿ ಒಂದೊಂದು ದಿನ ಅಲ್ಲಿಗೆ ಮೊದಲ ಬಸ್ಸಿಗೆ ಹೋಗಬೇಕು. ಹೇಳಲು ಸಂಕೋಚ, ಆದರೂ ಹೇಳುತ್ತೇನೆ. ಈ ಕಾಯಿಲೆಯವರಿಗೆ ಮೂತ್ರ ಬಂದರೆ ತಡೆಯಲು ಆಗುವುದಿಲ್ಲ. ಕುರುಗೋಡಿನ ಕೇಂದ್ರದಲ್ಲಿ ಪಾಯಖಾನೆಯೇ ಇರಲಿಲ್ಲ. "ಮಿಷನ್ ಆಮ್ಯಾಲ ತರಿಸ್ರಿ, ಪಾಯಖಾನಿ ಮೊದಲ ಕಟ್ಟಿಸ್ರಿ. ಇಲ್ಲಾಂದ್ರ ನಾ ಬರಂಗಿಲ್ಲ" ಎಂದು ರಾಜಣ್ಣನವರಿಗೆ ಮುಖಕ್ಕೇ ಹೇಳಿದೆ. ಕಟ್ಟಿಸಿದರು. ಅಲ್ಲಿನ ಹೆಂಗಸರು ಜೋಡಿ ನೋಡುವುದನ್ನು ಕಲಿಯುವ ಮೊದಲೇ ನನ್ನನ್ನು ತಲೆಯ ಮೇಲೆ ಹೊತ್ತುಕೊಂಡರು. ಅವರಿಗೂ ಅದೇ ಬೇಕಾಗಿತ್ತು, ಕೇಳುವ ಬಾಯಿ ಸಿಕ್ಕಿರಲಿಲ್ಲ.

ಸಿರುಗುಪ್ಪದ ಕೇಂದ್ರಕ್ಕೆ ಆಂಧ್ರ ಗಡಿಯ ರಾರಾವಿಯಿಂದ ಬರುತ್ತಿದ್ದ ರತ್ನಮ್ಮ ಇನ್ನೊಂದು ಉಪಾಯ ಮಾಡಿದಳು. ಅಕ್ಕಿ ಗಿರಣಿಯ ಖಾಲಿ ಗೋಣಿಚೀಲಗಳನ್ನು ಬಿಚ್ಚಿ ಹೊಲಿದು ಕಿಟಕಿಗೆಲ್ಲ ಪರದೆ ಕಟ್ಟಿ ನೀರು ಚಿಮುಕಿಸಿದಳು. ಗಾಳಿ ತಣ್ಣಗೆ ಬರುತ್ತಿತ್ತು. "ಕೂಚೋ ಅಕ್ಕಾ, ಕುಂದರ್ರಿ, ನಿಮಗಂತ ಮಾಡೀನಿ, ನಮಗೂ ತಂಪಾತು" ಎಂದು ಅರ್ಧ ತೆಲುಗಿನಲ್ಲಿ ಅರ್ಧ ಕನ್ನಡದಲ್ಲಿ ನಗುತ್ತಿದ್ದಳು.

ವರ್ಷ ಕಳೆದಂತೆ ಎಡಗಾಲು ಎಳೆಯತೊಡಗಿತು. ಕೋಲು ಬಂತು. ಒಂದು ದಿನ ಕುರುಗೋಡಿನ ಕೇಂದ್ರದ ಮೆಟ್ಟಿಲ ಮೇಲೆ ಕಾಲಿಗೆ ಸೀರೆಯ ಅಂಚು ಸಿಕ್ಕಿ ಬಿದ್ದೆ. ಅಲ್ಲಿ ಜೋಡಿ ನೋಡುವುದರಲ್ಲಿ ಎಲ್ಲರಿಗಿಂತ ಚುರುಕಾಗಿದ್ದ ಹುಲಿಗೆಮ್ಮ ಓಡಿಬಂದು ಎತ್ತಿದಳು. ಮಂಡಿಗೆ ಅರಿಶಿನ ಒತ್ತುತ್ತ ಬೈದಳು: "ಊರಿಗೆಲ್ಲಾ ಪ್ಯಾಂಟು ಹೊಲಿಯಾಕ ಕಲಿಸ್ತೀರಿ, ನೀವು ಸೀರಿ ಉಟ್ಕೊಂಡು ಬೀಳ್ತೀರಿ. ನೀವ್ಯಾಕ ಒಂದು ಹಾಕ್ಕೋಬಾರದ್ರಿ?"

"ಸುಮ್ನಿರಲೇ. ನಮ್ಮಮ್ಮ ಮನಿ ಬಾಗಿಲ ತೆಗಿಯಂಗಿಲ್ಲ" ಎಂದೆ. ನೋವಿನಲ್ಲೂ ಇಬ್ಬರೂ ನಕ್ಕೆವು.

ನೌಕರಿಯ ಕೊನೆಯ ವರ್ಷ ನನ್ನನ್ನು ಒಂದು ಚಿಂತೆ ಒಳಗೊಳಗೇ ಕೊರೆಯಿತು. ಕಳ್ಳಜೋಡಿ ಬರುವುದು ನಿಂತುಹೋಗಿತ್ತು. ಬೆಳಿಗ್ಗೆ ಬಂಡಲ್ ಬಿಚ್ಚಿದರೆ ಎಲ್ಲ ಸರಿಯಾಗಿಯೇ ಇರುತ್ತಿತ್ತು. ಯಾರೂ "ಸಿಕ್ತು" ಎನ್ನುತ್ತಿರಲಿಲ್ಲ. ಇದಕ್ಕೆ ನನಗೆ ಎರಡೇ ಕಾರಣ ಹೊಳೆದವು. ಅವರು ಹಾಕುತ್ತಿದ್ದಾರೆ, ನನಗೆ ಕಾಣುತ್ತಿಲ್ಲ, ನನಗೆ ಗೊತ್ತಾಗದಂತೆ ಅವರೇ ಆಮೇಲೆ ತೆಗೆದುಬಿಡುತ್ತಿದ್ದಾರೆ. ಇಲ್ಲವೇ ಪಾಪ, ಅಕ್ಕನಿಗೆ ಯಾಕೆ ಈ ವಯಸ್ಸಿನಲ್ಲಿ ಪರೀಕ್ಷೆ ಎಂದು ಬಿಟ್ಟುಬಿಟ್ಟಿದ್ದಾರೆ. ಎರಡೂ ಒಂದೇ. ಯಾವ ಕನಿಕರಕ್ಕೆ ಹೆದರಿ ಷರತ್ತು ಹಾಕಿದ್ದೆನೋ ಅದು ಹಿತ್ತಿಲ ಬಾಗಿಲಿಂದ ಒಳಗೆ ಬಂದು ಕೂತಿತ್ತು. ಕೇಳೋಣವೆಂದರೆ ಬಾಯಿ ಬರಲಿಲ್ಲ. ಉತ್ತರ ಹೌದು ಎಂದಾಗಿದ್ದರೆ ಏನು ಮಾಡುವುದು ಎಂಬ ಭಯ.

ಬೀಳ್ಕೊಡುಗೆಯ ದಿನ ಬೆಳಿಗ್ಗೆಯೇ ಬಳ್ಳಾರಿಯ ಘಟಕದಲ್ಲಿ ಎಲ್ಲರೂ ಸೇರಿದ್ದರು. ಕುರುಗೋಡಿನವರು, ಸಿರುಗುಪ್ಪದವರು ಟೆಂಪೋ ಮಾಡಿಕೊಂಡು ಬಂದಿದ್ದರು. ಕಾಸಿಂ ಸಾಹೇಬರು ಕುರ್ಚಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ನನ್ನ ಅಮ್ಮ, ಮಡಿ ಸೀರೆಯಲ್ಲಿ, ಯಾವ ಪ್ಯಾಂಟೂ ತಾಗದಂತೆ ಮೈ ಹಿಡಿಮಾಡಿಕೊಂಡು. ಹುಲಿಗೆಮ್ಮ ಒಂದು ಜೀನ್ಸ್ ತಂದು ನನ್ನ ಕೈಗಿಟ್ಟಳು. "ಅಕ್ಕಾ, ಒಂದು ಕಾಲು ಕುರುಗೋಡಿನವ್ರು ಹೊಲಿದೀವಿ, ಒಂದು ಕಾಲು ಸಿರುಗುಪ್ಪದವ್ರು. ನಿಮಗ."

ಕೈಗೆ ಪ್ಯಾಂಟು ಬಂದರೆ ಕಾಲು ತಾನಾಗಿ ಬಾಗಿಲಿಗೆ ಹೋಗುತ್ತದೆ. ಹೋಗಿ ನಿಂತೆ. ಬಲಗಣ್ಣು ಮುಚ್ಚಿ ನೋಡಿದೆ. ಬೇವಿನ ಗಿಡ ನೋಡಿದೆ. ತಿರುಗಿ ನೋಡಿದೆ. ಎಡಗಾಲಿನ ನೀಲಿಯಲ್ಲಿ ತುಸು ಹಸಿರಿನ ಛಾಯೆ, ಬಲಗಾಲಿನಲ್ಲಿ ಅದಿಲ್ಲ. ಎರಡು ರೋಲು! ಪ್ರೀತಿಯಿಂದ ಹೊಲಿದು ತಂದಿದ್ದಾರೆ, ಟೆಂಪೋ ಹತ್ತಿ ಬಂದಿದ್ದಾರೆ, ಅಮ್ಮ ನೋಡುತ್ತಿದ್ದಾಳೆ. ಚೆನ್ನಾಗಿದೆ ಎಂದು ಎದೆಗೊತ್ತಿಕೊಂಡರೆ ಮುಗಿಯಿತು. ಯಾರಿಗೆ ನಷ್ಟ? ನಾಲಿಗೆ ತುದಿಯವರೆಗೆ ಬಂದ ಆ ಮಾತನ್ನು ನುಂಗಿದೆ.

"ರಿಜೆಕ್ಟ್" ಎಂದೆ.

"ಸಿಕ್ತೂ!" ಎಂದು ಇಡೀ ಘಟಕ ಹಾರಿಹೋಗುವಂತೆ ಕೂಗಿದರು. ರತ್ನಮ್ಮ ಕುಣಿದಳು, ಹುಲಿಗೆಮ್ಮ ನನ್ನನ್ನು ಕೋಲಿನ ಸಮೇತ ತಬ್ಬಿಕೊಂಡಳು. ನನ್ನ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಇಷ್ಟು ದಿನ ಯಾಕ ಹಾಕಲಿಲ್ಲ? ನನ್ನ ಮ್ಯಾಲ ಪಾಪ ಅಂತ ಬಿಟ್ರೇನು?" ಎಂದು ಕೇಳಿಯೇಬಿಟ್ಟೆ.

"ಪಾಪ ಅಲ್ಲರಿ ಅಕ್ಕಾ, ಬ್ಯಾಸರಾಗಿತ್ತು! ಹಾಕಿದ್ದೆಲ್ಲಾ ಹಿಡೀತಿದ್ರಿ. ಎಷ್ಟಂತ ಚಹಾ ಹಾಕಸೂದ್ರಿ?" ಎಂದರು ಘಟಕದ ಟೇಲರುಗಳು.

ನಿಜವಾದ ಉಡುಗೊರೆ ಆಮೇಲೆ ಹೊರಬಂತು. ಒಂದೇ ರೋಲಿನ ಜೀನ್ಸ್. ಸೊಂಟಕ್ಕೆ ಎಲಾಸ್ಟಿಕ್, ಎಳೆಯುವ ಎಡಗಾಲಿಗೆ ತೊಡಕದಂತೆ ಅಂಚು ಕೊಂಚ ಗಿಡ್ಡ, ಪಕ್ಕಕ್ಕೆ ಜಿಪ್ಪು. ಎಲ್ಲರೂ ಅಮ್ಮನ ಕಡೆ ನೋಡಿದರು. ಮಡಿ ಮರೆತು ಅಮ್ಮ ಅದನ್ನು ಕೈಗೆ ತೆಗೆದುಕೊಂಡು ಎರಡು ಕಾಲನ್ನೂ ಪಕ್ಕಪಕ್ಕ ಹಿಡಿದು ಬಾಗಿಲ ಕಡೆ ಎತ್ತಿದಳು. "ಎರಡೂ ಒಂದ ಬಣ್ಣ ಅವ. ಹಾಕ್ಕೋ. ಬೀಳೂದಾದರೂ ತಪ್ಪತದ" ಎಂದಳು.

ಕಟಿಂಗ್ ಕೋಣೆಗೆ ಹೋಗಿ ಹಾಕಿಕೊಂಡು ಬಂದೆ. ಬಾಗಿಲ ಹತ್ತಿರ ವೀರೇಶ ನಿಂತಿದ್ದ, ಈಗ ಅವನ ತಲೆಯೂ ನೆರೆತಿದೆ. "ಅಕ್ಕಾ, ವಾಷಿಂಗ್ ನಂದ್ರಿ. ಬಣ್ಣ ಹೆಂಗೈತಿ, ಹೇಳ್ರಿ ಮತ್ತ" ಎಂದು ಕೈಕಟ್ಟಿ ನಿಂತ.

ಎಡಗಣ್ಣು ಮುಚ್ಚಿ ನೋಡಿದೆ, ಹಳೇ ಪ್ಯಾಂಟು. ಬಲಗಣ್ಣು ಮುಚ್ಚಿ ನೋಡಿದೆ, ಹೊಸ ಪ್ಯಾಂಟು.

"ಎರಡೂ ಪಾಸ್" ಎಂದೆ.